ಮಾಸ್ತಿಕಲ್ಲು ಕೀಳಿಸಿದವಳು ನಾನು

ಚಿಕ್ಕಜಾಲದಿಂದ ನಮ್ಮೂರಿಗೆ ತಿರುಗುವ ದಾರಿಯಲ್ಲಿ ಒಂದು ಮಾಸ್ತಿಕಲ್ಲಿತ್ತು. ಗಂಡನ ಚಿತೆಯಲ್ಲಿ ಬೆಂದವಳೊಬ್ಬಳ ನೆನಪಿಗೆ ಯಾವ ಕಾಲದಲ್ಲೋ ನೆಟ್ಟ ಕಲ್ಲು. ಮೇಲೆತ್ತಿದ ಒಂದು ಕೈ, ಅದರ ತುಂಬ ಬಳೆ. ಮುತ್ತೈದೆಯರೆಲ್ಲ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

ಐವತ್ತರ ದಶಕದ ಕೊನೆಯಲ್ಲಿ ನಮ್ಮಕ್ಕ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದಳು. ಭಾವನಿಗೆ ಯಶವಂತಪುರದಲ್ಲಿ ಕೆಲಸ. ಟೈಫಾಯಿಡ್ ಹದಿನೈದೇ ದಿನದಲ್ಲಿ ಮುಗಿಸಿತು. ಬಂದ ವಾರದಲ್ಲೇ, ಅಕ್ಕ ಊಟಕ್ಕೆ ಕೂತಿದ್ದಾಗ, ದೊಡ್ಡಮ್ಮ ಅಂದಳು: “ಆ ಕಲ್ಲಿನ ತಾಯಿ ಗಂಡನ್ ಜತೇಲೇ ಒಂಟೋದ್ಲು. ನೀನು ಇಂಗೆ ಉಂಡ್ಕೊಂಡ್ ಕೂತಿದೀಯ.” ಅಕ್ಕ ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದು ಹೋದಳು.

ಆ ಮಾತು ನನ್ನೊಳಗೆ ಕೀವುಗಟ್ಟಿತು. ಕೆಲವು ವರ್ಷದ ಮೇಲೆ ನಾನು ಯಲಹಂಕದಲ್ಲಿ ಶಾಲೆಯ ಮೇಡಂ ಆದೆ. ರಸ್ತೆ ಅಗಲ ಮಾಡುವವರು ಬಂದಾಗ, ಹೆಂಗಸನ್ನು ಸುಟ್ಟಿದ್ದನ್ನು ಹೊಗಳುವ ಕಲ್ಲು ನಮಗೆ ಬೇಡ ಎಂದು ಪಂಚಾಯಿತಿಗೆ ಅರ್ಜಿ ಬರೆದೆ. ಚೇರ್ಮನ್ನರಿಗೂ ರಸ್ತೆ ನೇರವಾದರೆ ಸಾಕಿತ್ತು. ಎರಡೇ ದಿನದಲ್ಲಿ ಕಲ್ಲನ್ನು ಕಿತ್ತು, ಒಡೆದು, ಚೂರುಗಳನ್ನು ಹೊಸ ರಸ್ತೆಯಡಿಯ ಮೋರಿಯ ತಳಕ್ಕೆ ತುಂಬಿದರು.

ಸಂಜೆ ಹೆಮ್ಮೆಯಿಂದಲೇ ಅಕ್ಕನಿಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

“ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?”

“ನಿಂಗೋಸ್ಕರಾನೇ ಮಾಡ್ಸಿದ್ದು ಅಕ್ಕ.”

ರಾಗಿ ಬೀಸಿಸಲು ಹೋಗುವಾಗೆಲ್ಲ, ಯಾರೂ ಇಲ್ಲದ ಹೊತ್ತು ನೋಡಿ, ಅವಳು ಆ ಕಲ್ಲಿನ ಹತ್ತಿರ ಕೂರುತ್ತಿದ್ದಳಂತೆ. ಕುಂಕುಮ ಒರೆಸಿ, ಅದರ ಜೊತೆ ಮಾತಾಡುತ್ತಿದ್ದಳಂತೆ. ನನಗದು ಆವತ್ತೇ ಗೊತ್ತಾಗಿದ್ದು.

“ಅವಳೇನು ಇಷ್ಟಪಟ್ಟು ಬಿದ್ಲಾ ಬೆಂಕೀಗೆ? ಯಾರೋ ತಳ್ಳಿರ್ತಾರೆ. ಅವಳು ಅಂತ ಒಬ್ಳು ಇದ್ಲು ಅನ್ನೋಕೆ ಅದೊಂದೇ ಉಳಿದಿತ್ತು. ನೀನು ಪೂಜೆ ಬಿಡಿಸ್ಬೇಕಿತ್ತು ಕಣೇ. ಪಕ್ಕದಲ್ಲೊಂದು ಹಲಗೆ ನೆಟ್ಟು, ಇಲ್ಲೊಬ್ಬ ಹುಡುಗೀನ ಸುಟ್ರು ಅಂತ ಬರೀಬೇಕಿತ್ತು. ನಿಂಗೆ ಅಕ್ಷರ ಬರುತ್ತಲ್ಲ.”



ಮರುದಿನ ಇಬ್ಬರೂ ಹೋದೆವು, ಒಂದು ಚೂರಾದರೂ ಸಿಕ್ಕೀತೆಂದು. ಮೋರಿ ಮೇಲೆ ಆಗಲೇ ಮಣ್ಣು ಬಿದ್ದು ರೋಲರ್ ಓಡಾಡುತ್ತಿತ್ತು. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದಳು. ಭಾವ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ದೊಡ್ಡಮ್ಮನ ಚುಚ್ಚುಮಾತು ನಿಲ್ಲಲೂ ಇಲ್ಲ. ಅದಕ್ಕೆ ಕಲ್ಲು ಬೇಕಿರಲಿಲ್ಲ. ಅಕ್ಕ ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ನನ್ನ ಹತ್ತಿರ ಹೇಳುವುದನ್ನು ಮಾತ್ರ ಬಿಟ್ಟಳು.