ತಟ್ಟಿದ ಮೇಲೆ

ಮೊನ್ನೆ ಅಂಕೋಲೆಯ ಮೀನು ಪೇಟೆಯಲ್ಲಿ ಬಳಚಿನ, ಅಂದರೆ ತಿನ್ನುವ ಕಪ್ಪೆಚಿಪ್ಪಿನ, ರಾಶಿಯ ಮುಂದೆ ಕುಳಿತಿದ್ದೆ. ಮಾರುವ ಹೆಂಗಸು ಚಿಪ್ಪಿಗೆ ಚಿಪ್ಪು ತಟ್ಟಿ, ಸದ್ದು ಕೇಳಿ, ಸತ್ತದ್ದನ್ನು ಆಚೆ ಎಸೆಯುತ್ತಿದ್ದಳು. ಆ ಟಕ್ ಟಕ್ ಕೇಳಿದರೆ ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ಕಾರವಾರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕಾಲ. ಆಮ್ಲಜನಕವೇ ಇಲ್ಲದ ನೀರಿನಲ್ಲಿ ಬಳಚು ಎಷ್ಟು ಹೊತ್ತು ಬದುಕುತ್ತದೆಂದು ಅಳೆಯುವುದು ನನ್ನ ಕೆಲಸ. ನೀರಿನ ಆಮ್ಲಜನಕವನ್ನೆಲ್ಲ ಓಡಿಸಿ, ಬಳಚು ಬಿಟ್ಟು, ಭರಣಿಯ ಬಾಯಿ ಬಿಗಿಯುತ್ತಿದ್ದೆ. ಆಗಾಗ ತೆಗೆದು ನೋಡುವುದು. ಬಾಯಿ ತೆರೆದು ಬಿದ್ದದ್ದನ್ನು ತಟ್ಟುವುದು. ಮುಚ್ಚಿಕೊಳ್ಳದಿದ್ದರೆ ಸತ್ತಿತೆಂದು ಬರೆದು ಬಕೆಟ್ಟಿಗೆ ಹಾಕುವುದು. ನನ್ನ ಕೋಷ್ಟಕ ಎಷ್ಟು ಅಂದವಾಗಿತ್ತೆಂದರೆ, ಬಂದವರಿಗೆಲ್ಲ ತೋರಿಸುತ್ತಿದ್ದೆ.

ಬಳಚು ತಂದುಕೊಡುತ್ತಿದ್ದವಳು ಹಾರವಾಡದ ದೇವಕ್ಕ. ಒಂದು ದಿನ ನನ್ನ ಬಕೆಟ್ಟಿನಿಂದ ಒಂದನ್ನೆತ್ತಿ, ಉಗುರಿನಿಂದ ತಟ್ಟಿ, ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಬಹಳ ಹೊತ್ತಿನ ಮೇಲೆ ಚಿಪ್ಪು ಸಾವಕಾಶ ಮುಚ್ಚಿಕೊಂಡಿತು.

"ಯಂತಾ ತಂಗೀ, ಇದ್ಕೆ ಜೀವ ಅದೆಯಲ್ಲೇ!"

"ತಟ್ಟಿ ನೋಡಿದ್ದೆ ದೇವಕ್ಕಾ..."

"ತಟ್ಟಿದ್ರೆ ಸಾಕಾ? ದಣದದೆ ಅದು. ಓ ಅನ್ನೂಕೆ ಹೊತ್ತು ಬೇಕಾತದೆ. ಕಾಯೂಕೆ ಬೇಕು."

ಆರು ತಿಂಗಳ ಕೆಲಸ ನೀರುಪಾಲು. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ; ಎರಡು ದಿನ ಬಿಡಲೂ ಇಲ್ಲ. ಆದರೆ ಊಟಕ್ಕೆ ಕುಳಿತರೆ ಆ ಬಕೆಟ್ಟು ಕಣ್ಣೆದುರು ಬರುತ್ತಿತ್ತು. ಬದುಕಿದ್ದ ಎಷ್ಟನ್ನು ಎಸೆದಿದ್ದೆನೋ! ಮೂರನೆಯ ದಿನ ಗೈಡ್ ಸರ್ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. "ಮೊದಲಿಂದ ಮಾಡು" ಎಂದರು, ಅಷ್ಟೇ. ದೇವಕ್ಕ ಮತ್ತೆ ಬುಟ್ಟಿ ಹೊತ್ತು ತಂದಳು. ನನ್ನ ಪಕ್ಕದಲ್ಲೇ ಕುಳಿತು, ಎಲೆಯಡಿಕೆ ಜಗಿಯುತ್ತ, ಕಾಯುವುದನ್ನು ಕಲಿಸಿದಳು.

ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ, ವರ್ಷಗಳು ಕಳೆದು ಒಮ್ಮೆ ದೇವಕ್ಕನ ಮನೆಗೆ ಫೋನ್ ಮಾಡಿದ್ದೆ. ಯಾರೂ ಎತ್ತಲಿಲ್ಲ. ಹೋಗಿಬಿಟ್ಟಿರಬೇಕು ಎಂದುಕೊಂಡು ಒಂದಿಷ್ಟು ಅತ್ತೆ. ಮತ್ತೆ ವಿಚಾರಿಸಲಿಲ್ಲ.

ಬಳಚು ಕೊಳ್ಳುತ್ತ ಆ ಹೆಂಗಸಿಗೆ ಸುಮ್ಮನೆ ಹೇಳಿದೆ: "ಹಾರವಾಡದಲ್ಲಿ ದೇವಕ್ಕ ಅಂತ ಒಬ್ಬರಿದ್ದರು..."

ಅವಳ ಕೈ ನಿಂತಿತು. "ಇದ್ರು ಅಂದ್ರೆ ಯಂತಾ? ನಮ್ಮತ್ತೆ ಅವ್ರು. ಮನೇಲೇ ಅದಾರೆ. ಕಿವಿ ಮಂದ ಆಗದೆ, ಎದ್ದು ಬರೂಕೂ ಹೊತ್ತಾತದೆ, ಅಷ್ಟೇಯ."

ನನಗೆ ಮುಖ ಎತ್ತಲಾಗಲಿಲ್ಲ. ಬಳಚಿನ ಚೀಲವನ್ನು ಅಲ್ಲೇ ಮರೆತು ಹಾರವಾಡದ ಬಸ್ಸು ಹತ್ತಿದೆ.

ಬಾಗಿಲು ತಟ್ಟಿದೆ. ಒಳಗಿನಿಂದ ಸದ್ದೇ ಇಲ್ಲ. ಜಗಲಿಯ ಮೇಲೆ ಕುಳಿತು ಕಾದೆ.