ಕೈ ಎತ್ತಿಸುವ ಮಾಸ್ತರು

ದುಬೈನ ಕರಾಮದ ಫ್ಲ್ಯಾಟಿನಲ್ಲಿ ಟ್ಯೂಷನ್ ಹೇಳುವ ಭಟ್ಕಳದ ಮೊಯಿನುದ್ದೀನ್ ಮಾಸ್ತರು ನಮ್ಮನ್ನು ಕೇಳದೆ ಏನನ್ನೂ ಮಾಡುವುದಿಲ್ಲ. ಎಸಿ ಎಷ್ಟಿರಬೇಕು, ಟೆಸ್ಟ್ ಯಾವತ್ತು, ಎಲ್ಲಕ್ಕೂ ಕೈ ಎತ್ತಿಸಿ ಎಣಿಸುತ್ತಾರೆ. ಅವರ ಚಹಾಕ್ಕೆ ಸಕ್ಕರೆ ಬೇಡವೆಂದು ನಾವು ತಮಾಷೆಗೆ ಕೈ ಎತ್ತಿದ ದಿನದಿಂದ ಮುಖ ಕಿವಿಚಿಕೊಂಡು ಸಪ್ಪೆ ಚಹಾವನ್ನೇ ಕುಡಿಯುತ್ತಾರೆ. ಅಮೆರಿಕದ ವಸಾಹತುಗಳು ಬ್ರಿಟನ್ನಿನಿಂದ ಸ್ವಾತಂತ್ರ್ಯ ಬಯಸಿದ್ದೇಕೆ ಎಂಬ ಪಾಠದಲ್ಲಿ ನುಸ್ರತ್, "ಟ್ಯಾಕ್ಸ್ ಜಾಸ್ತಿ ಆಯ್ತು ಸರ್" ಎಂದಳು. "ಜಾಸ್ತಿ ಆಗಿದ್ದಕ್ಕಲ್ಲ ಮಗಾ, ಹಾಕುವಾಗ ಅವರನ್ನ ಕೇಳ್ಲಿಲ್ಲ. ಪಾರ್ಲಿಮೆಂಟಲ್ಲಿ ಅವರ ಪರ ಎತ್ತುವ ಒಂದು ಕೈಯೂ ಇರ್ಲಿಲ್ಲ" ಎಂದರು. ಪರೀಕ್ಷೆ ಹತ್ತಿರ ಬಂದಾಗ, "ನಾಲ್ಕು ದಿನ ಊರಿಗೆ ಹೋಗಿ ಬರಲಾ, ಇಲ್ಲೇ ಇರಲಾ?" ಎಂದು ಕೇಳಿದರು. ಇರಿ ಎಂದು ಎಲ್ಲರೂ ಕೈ ಎತ್ತಿದೆವು. "ಖಲಾಸ್" ಎಂದು ಟಿಕೆಟ್ ರದ್ದು ಮಾಡಿಸಿದರು. ಆ ವಾರ ಊರಿನಲ್ಲಿ ಚುನಾವಣೆಯಿತ್ತು. ಹದಿನೆಂಟನೇ ವಯಸ್ಸಿಗೇ ದುಬೈಗೆ ಬಂದ ಅವರು ಮೂವತ್ತೊಂದು ವರ್ಷಗಳ ನಂತರ ಮೊದಲ ಸಲ ವೋಟು ಹಾಕಲು ಹೊರಟಿದ್ದರೆಂದು ಅವರ ಹೆಂಡತಿ ಅಝೀಝಾ ಆಂಟಿ ಆಮೇಲೆ ಹೇಳಿದರು. "ಮೊದಲೇ ಯಾಕೆ ಹೇಳ್ಲಿಲ್ಲ ಸರ್?" ಎಂದು ನುಸ್ರತ್ ಅಳುಮುಖ ಮಾಡಿದಳು. ಮಾಸ್ತರು ಸಪ್ಪೆ ಚಹಾವನ್ನು ಕೆಳಗಿಟ್ಟು, "ಹೇಳಿದ್ರೆ ನೀವು ನನ್ನ ಮುಖ ನೋಡಿ ಕೈ ಎತ್ತುತ್ತಿದ್ರಿ" ಎಂದರು.