ಕಾಲರಾ ವಿಭಾಗದ ಕಷಾಯದಕ್ಕ

ಆಕೆಯ ಕೆಲಸ ರೋಗಾಣುಗಳಿಗೆ ಅಡುಗೆ ಮಾಡುವುದು. ಇಪ್ಪತ್ತಾರು ವರ್ಷಗಳಿಂದ ಪ್ರಯೋಗಾಲಯದ ಹಿಂಬದಿಯ ಕಿರುಕೋಣೆಯಲ್ಲಿ ಪೆಪ್ಟೋನ್ ಪುಡಿ, ಯೀಸ್ಟ್ ಸತ್ವ, ಉಪ್ಪು ತೂಗಿ, ನೀರಿಗೆ ಕದಡಿ, ಹಬೆಯಲ್ಲಿ ಬೇಯಿಸಿ, ಆ ಕಂದು ದ್ರವವನ್ನು ಶೀಷೆಗಳಿಗೆ ತುಂಬುತ್ತಿದ್ದಳು. ಅದನ್ನು ಕಂಡು ಯಾರೋ ‘ಕಷಾಯದಕ್ಕ’ ಎಂದರು, ಹೆಸರು ಅಂಟಿಕೊಂಡಿತು. ಮದುವೆಯಾಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದರೆ ಈಕೆ ಸಿಂಕಿನ ಪಕ್ಕ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಮೊದಮೊದಲು “ಬನ್ನಿ ಅಕ್ಕಾ” ಎಂದು ಕರೆಯುತ್ತಿದ್ದರು. ಆಮೇಲೆ ಬಿಟ್ಟರು.

ಆ ವರ್ಷ ಹೊಸದಾಗಿ ಬಂದ ಸಂಶೋಧಕಿಯೊಬ್ಬಳು ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು. ಅವಳ ಕಾಲರಾ ಬ್ಯಾಕ್ಟೀರಿಯಾಗಳು ಸೊಂಪಾಗಿ ಬೆಳೆಯುತ್ತಿದ್ದವು, ವಿಷ ಮಾತ್ರ ತಯಾರಿಸುತ್ತಿರಲಿಲ್ಲ. ಒಂದು ದಿನ ಖಾಲಿ ಶೀಷೆಗಳನ್ನು ಅಕ್ಕನ ಕೋಣೆಗೆ ತಂದಿಟ್ಟವಳು ಅಲ್ಲೇ ಕುಸಿದು ಕೂತಳು.

“ನನ್ನ ಕಷಾಯ ಸರಿಯಿಲ್ವಾ ಮೇಡಂ?”

“ನಿಮ್ದೇನೂ ತಪ್ಪಿಲ್ಲ ಅಕ್ಕಾ. ಹೊಳೆ ನೀರಲ್ಲಿದ್ದಾಗ ಇವು ವಿಷದ ಜೀನ್‌ಗಳನ್ನ ಮುಚ್ಚಿಟ್ಕೊಂಡಿರ್ತವೆ, ಸುಮ್ನೆ ಯಾಕೆ ದಂಡ ಅಂತ. ಮನುಷ್ಯನ ಕರುಳಿಗೆ ಬಂದ್ಮೇಲೆ ಅಲ್ಲಿನ ಪಿತ್ತ, ಸೋಡಾದಂಥ ಕ್ಷಾರ, ಎಲ್ಲ ಗುರುತು ಹಿಡಿದು ಒಂದಾದ್ಮೇಲೊಂದು ಸ್ವಿಚ್ ಹಾಕ್ತವೆ. ಕೊನೇದು ಬಿದ್ರೆ ವಿಷ. ಗುಂಪು ದಟ್ಟ ಆಯ್ತೋ, ತಾವೇ ಸ್ವಿಚ್ ಆರಿಸಿ ಕರುಳಿಂದ ಹೊರಟ್ಬಿಡ್ತವೆ. ಇದು ಕರುಳೇ ಅಂತ ಟ್ಯೂಬಲ್ಲಿ ನಂಬಿಸ್ಬೇಕು. ನನ್ನವು ಜಪ್ಪಯ್ಯ ಅಂದ್ರೂ ನಂಬ್ತಿಲ್ಲ.”

ಅಕ್ಕ ಖಾಲಿ ಶೀಷೆಗಳನ್ನು ಸಿಂಕಿಗಿಟ್ಟಳು. “ಟ್ಯೂಬನ್ನ ಮೊದ್ಲಿಂದ್ಲೇ ಅಲ್ಲಾಡಿಸ್ತೀರಲ್ವಾ? ಮುಂಚೆ ಇಲ್ಲೇ ಈ ಕೆಲಸ ಮಾಡ್ತಿದ್ದ ಹಳೇ ಡಾಕ್ಟರು ಮೊದಲ ನಾಲ್ಕು ಗಂಟೆ ಮುಟ್ಟೋಕೂ ಬಿಡ್ತಿರ್ಲಿಲ್ಲ. ಆಮೇಲೆ ದೊಡ್ಡ ಶೀಷೆಗೆ ಸುರಿದು ಅಲ್ಲಾಡ್ಸೋರು.”

ಸಂಶೋಧಕಿಗೆ ಸಿಕ್ಕ ಪ್ರಯೋಗವಿಧಾನದ ಟಿಪ್ಪಣಿಯಲ್ಲಿ ಆ ಸಾಲೇ ಇರಲಿಲ್ಲ.

“ಮೂರು ತಿಂಗಳಿಂದ ನೋಡ್ತಿದೀರಾ, ಹೇಳ್ಬಾರ್ದಾ?”

“ನೀವು ಕೇಳ್ಲಿಲ್ಲ.”

ಮುಂದಿನ ವಾರ ವಿಷ ಬಂತು. ಸಂಶೋಧಕಿ ಓಡಿಬಂದು ತಬ್ಬಿಕೊಂಡಳು. ಯಾರಾದರೂ ತನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ, ಅಕ್ಕನಿಗೆ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಆ ಗಲಿಬಿಲಿಯಲ್ಲಿ ಐವತ್ತು ವರ್ಷ ಯಾರಿಗೂ ಹೇಳದ ಮಾತು ಹೊರಬಿತ್ತು.

“ನನ್ನ ತಂಗಿ ಈ ಕಾಲರಾದಿಂದ್ಲೇ ಹೋದ್ಳು. ಐದು ವರ್ಷ ಅವಳಿಗೆ. ಕಾಲುವೆಯಿಂದ ನೀರು ತಂದೋಳು ನಾನು. ನಾನೂ ಕುಡ್ದೆ, ನಂಗೇನೂ ಆಗ್ಲಿಲ್ಲ. ‘ನೀನು ತಂದ ನೀರೇ’ ಅಂದ ಅಣ್ಣ. ಅವಳೊಳಗೇ ಯಾಕೆ ಸ್ವಿಚ್ ಬಿತ್ತು ಮೇಡಂ?”

ಸಂಶೋಧಕಿ ಸ್ಟೂಲೆಳೆದು ಆಕೆಯ ಪಕ್ಕ ಕೂತಳು. “ಕೆಲವರ ಹೊಟ್ಟೆಯ ಆಮ್ಲವೇ ಇವುಗಳ ಬಹುಪಾಲನ್ನ ಸಾಯ್ಸುತ್ತೆ. ಅವಳಿಗೆ ಏನಾಯ್ತು ಅಂತ ಈಗ ಹೇಳೋಕಾಗಲ್ಲ ಅಕ್ಕಾ. ಆದ್ರೆ ಕಾಲುವೆಗೆ ಅದು ಬಂದಿದ್ದು ನಿಮ್ಮಿಂದಲ್ಲ.”

ಭಾನುವಾರ ಅಕ್ಕ ಅಣ್ಣನಿಗೆ ಫೋನ್ ಮಾಡಿದಳು. ಸಾವು, ಮದುವೆಗಳ ಸುದ್ದಿ ಬಿಟ್ಟರೆ ಅವರ ನಡುವೆ ಮಾತಿರಲಿಲ್ಲ.

“ಅವತ್ತು ನೀನು ಹಾಗಂದೆಯಲ್ಲ ಅಣ್ಣಾ, ನಾನು ತಂದ ನೀರೇ ಅಂತ…”

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು. “ನಂಗೆ ನೆನಪೇ ಇಲ್ವಲ್ಲೇ. ಹನ್ನೆರಡು ವರ್ಷದ ಬಾಯಿ, ಏನೋ ಅಂದಿರ್ತೀನಿ. ಅದಕ್ಕೇನಾ ನೀನು ಈ ಕಡೆ ತಲೆ ಹಾಕ್ದೇ ಇದ್ದಿದ್ದು?”

ಇನ್ನೊಂದು ಮಗುವಿಗೆ ನೀರು ಕುಡಿಸುವ ಧೈರ್ಯವಿಲ್ಲದೆ ಆಕೆ ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿದ್ದಳು, ಮಾತಾಡಿದವನು ಮರೆತೇಬಿಟ್ಟಿದ್ದ.

ಮುಂದಿನ ತಿಂಗಳು ಎರಡು ದಿನದ ಮಟ್ಟಿಗೆ ಅಣ್ಣನ ಮನೆಗೆ ಹೋದಳು. ತಂಗಿಯ ಫೋಟೋ ಒಂದೂ ಇರಲಿಲ್ಲ. ಅವಳ ಗುಳಿ ಬಲಗೆನ್ನೆಯಲ್ಲಿತ್ತು ಎಂದು ಅಣ್ಣ. ಅಲ್ಲ, ಎಡಗೆನ್ನೆ ಎಂದು ಈಕೆ. ಅವಳ ದನಿ ಹೇಗಿತ್ತೆಂದು ಇಬ್ಬರಿಗೂ ಹೇಳಲಾಗಲಿಲ್ಲ.

ಕೋಲೂರಿಕೊಂಡು ಅಣ್ಣ ಬಸ್ಸಿನ ತನಕ ಬಂದ. “ಇನ್ನೊಂದಿನ ಇರ್ಬಾರ್ದಾ?”

“ನಾಳೆ ಬೆಳಿಗ್ಗೆ ಹನ್ನೆರಡು ಲೀಟರ್ ಕಷಾಯ ಬೇಕಂತೆ” ಎಂದು ಆಕೆ ಬಸ್ಸು ಹತ್ತಿದಳು.